‘ಇಲ್ಲ’ ಅನ್ನೋದು ಎಲ್ಲಿದೆ?

ಟೇಬಲ್ ಮೇಲೆ ಫೋನ್ ಇಲ್ಲ. ಈ ‘ಇಲ್ಲ’ ಅನ್ನೋದು ಜಗತ್ತಿನಲ್ಲಿರುವ ಒಂದು ಸಂಗತಿನಾ, ಬರೀ ಮಾತಾ? ‘ಏನೇನಿದೆ, ಇರುವುದು ಅಂದ್ರೇನು’ ಅಂತ ಕೇಳೋ ವಿದ್ಯೆಗೆ ಆಂಟಾಲಜಿ ಅಂತಾರೆ. ಈ ಹೆಸರು ಯುರೋಪಿನದು. 1606ರಲ್ಲಿ ಯಾಕೋಬ್ ಲೋರ್ಹಾರ್ಡ್ ಪುಸ್ತಕದಲ್ಲಿ ಸಿಗುತ್ತೆ. ಪ್ರಶ್ನೆ ಅದಕ್ಕಿಂತ ತುಂಬಾ ಹಳೆಯದು, ಒಂದೇ ನಾಡಿನದ್ದೂ ಅಲ್ಲ.

ಆದ್ರೆ ಅದರ ಇತಿಹಾಸ ಎಷ್ಟೋ ಪುಸ್ತಕಗಳಲ್ಲಿ ಗ್ರೀಸ್‌ನಲ್ಲಿ ಶುರುವಾಗಿ ಜರ್ಮನಿ ಕಡೆ ಸಾಗುತ್ತೆ. ಉಳಿದವರಿಗೆಲ್ಲ ಸೇರಿಸಿ ಕೊನೆಗೊಂದು ಅಧ್ಯಾಯ. ಎಲ್ಲರಿಗೂ ಸಮನಾಗಿ ಪುಟ ಹಂಚಿದ್ರೆ ಸರಿಹೋಗುತ್ತಾ? ನನಗೆ ಹಾಗನ್ನಿಸಲ್ಲ. ತೊಂದರೆ ಇರೋದು ತಲೆಬರಹದಲ್ಲಿ.

ಅರಿಸ್ಟಾಟಲ್ ಇರುವುದನ್ನೆಲ್ಲ 10 ವರ್ಗ ಮಾಡಿದ. ನಮ್ಮ ವೈಶೇಷಿಕರು 6 ಪದಾರ್ಥ ಅಂದ್ರು (ಅಡುಗೆಯ ಪದಾರ್ಥ ಅಲ್ಲ!): ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ. ಆಮೇಲೆ ಏಳನೆಯದು ಸೇರಿತು, ಅಭಾವ. ಅಂದ್ರೆ ಅದೇ ‘ಇಲ್ಲ’. ಮಡಕೆ ಮಾಡೋಕೆ ಮುಂಚೆ ಇಲ್ಲದಿರೋದು ಒಂದು ಬಗೆ, ಒಡೆದ ಮೇಲೆ ಇಲ್ಲದಿರೋದು ಇನ್ನೊಂದು ಬಗೆ ಅಂತ ಅದರಲ್ಲೂ ವಿಂಗಡಣೆ. ಈಗ ಇದನ್ನೆಲ್ಲ ಅರಿಸ್ಟಾಟಲ್‌ನ 10 ಕಾಲಂಗಳಲ್ಲಿ ತುಂಬಿಸಿ ನೋಡಿ. ದ್ರವ್ಯ, ಗುಣ ಹೇಗೋ ಕೂರುತ್ತೆ. ಅಭಾವಕ್ಕೆ ಜಾಗವೇ ಇಲ್ಲ. ಬಿ.ಕಾಂ. ಓದಿದವರಿಗೆ ಗೊತ್ತು, ಯಾವ ಹೆಡ್‌ಗೂ ಸೇರದ ಎಂಟ್ರಿ ಸಸ್ಪೆನ್ಸ್ ಅಕೌಂಟ್‌ಗೆ ಹೋಗುತ್ತೆ. ಎಷ್ಟು ಪುಟ ಕೊಟ್ರೂ ಅದು ಅಲ್ಲೇ ಬಿದ್ದಿರುತ್ತೆ.

ಹಾಗಂತ ‘ನಮ್ಮೋರು ಆಗಲೇ ಹೇಳಿದ್ರು’ ಅನ್ನೋ ವಾಟ್ಸಾಪ್ ಫಾರ್ವರ್ಡ್ ಕೂಡ ಬೇಡ. ‘ನಮ್ಮೋರೇ’ ಒಪ್ಪಿರಲಿಲ್ಲ. ನೆಲದ ಮೇಲೆ ಮಡಕೆ ಇಲ್ಲ ಅಂದ್ರೆ ಅಲ್ಲಿರೋದು ಬರೀ ನೆಲ, ಅಭಾವ ಅಂತ ಬೇರೊಂದು ಬೇಕಿಲ್ಲ ಅಂದ್ರು ಪ್ರಾಭಾಕರ ಮೀಮಾಂಸಕರು. ಉಡುಪಿಯ ಮಧ್ವಾಚಾರ್ಯರ ದಾರಿ ಬೇರೆ. ‘ತತ್ತ್ವಸಂಖ್ಯಾನ’ದಲ್ಲಿ ಅವರು ಸ್ವತಂತ್ರ, ಅಸ್ವತಂತ್ರ ಅಂತ ಮೊದಲು ಎರಡು ಮಾಡಿ, ಅಸ್ವತಂತ್ರದೊಳಗೆ ಭಾವ, ಅಭಾವ ಎರಡನ್ನೂ ಇಟ್ಟರು.

ಅದಕ್ಕೇ ನಾನಾಗಿದ್ರೆ ದೇಶಕ್ಕೊಂದು ಅಧ್ಯಾಯದ ಬದಲು ಪ್ರಶ್ನೆಗೊಂದು ಅಧ್ಯಾಯ ಇಡ್ತಿದ್ದೆ. ‘ಇಲ್ಲ’ದ ಅಧ್ಯಾಯಕ್ಕೆ ಪಾರ್ಮೆನಿಡೀಸ್ ಕೂಡ ಬರ್ತಾನೆ; ಇಲ್ಲದ್ದನ್ನು ಯೋಚಿಸೋಕೂ ಆಗಲ್ಲ ಅಂದವನು. ‘ಸೋಫಿಸ್ಟ್’ನಲ್ಲಿ ಪ್ಲೇಟೋ ಅದಕ್ಕೆ ಉತ್ತರ ಕೊಡ್ತಾನೆ: ‘ಅಲ್ಲ’ ಅಂದ್ರೆ ‘ಬೇರೆ’ ಅಂತ. ಮಡಕೆ ಬಟ್ಟೆಯಲ್ಲ ಅನ್ನೋ ವೈಶೇಷಿಕರ ಅನ್ಯೋನ್ಯಾಭಾವ ಇದಕ್ಕೆ ಹತ್ತಿರ. ಆದ್ರೆ ಒಡೆದುಹೋದ ಮಡಕೆಯ ‘ಇಲ್ಲ’ಕ್ಕೆ ‘ಬೇರೆ’ ಅನ್ನೋ ಉತ್ತರ ಸಾಲುತ್ತಾ? ಕಾಮೆಂಟ್‌ನಲ್ಲಿ ಹೇಳಿ. ಮುಂದಿನ ಕಂತಿನಲ್ಲಿ ಇಬ್ನ್ ಸೀನಾ: ಒಂದು ವಸ್ತು ಏನು ಅನ್ನೋದು ಬೇರೆ, ಅದು ಇದೆ ಅನ್ನೋದು ಬೇರೆ ಅಂದವರು.