ಸಹಿ ನಮ್ಮದು, ಹೊಣೆಯೂ ನಮ್ಮದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ ಕಾಲಕ್ಕೆ ಮನೆ ಎಂದರೆ ಕಲ್ಲು, ಮಣ್ಣು, ಸಾಗವಾನಿ ತೊಲೆ ಮತ್ತು ಗೌಂಡಿಯ ಕೂಲಿ. ಈಗ ನಮ್ಮ ಊರುಗಳಲ್ಲಿ ಮನೆ ಕಟ್ಟುವವರಿಗಿಂತ ಕೊಳ್ಳುವವರೇ ಹೆಚ್ಚು. ಕೊಳ್ಳುವ ಮನೆಯಲ್ಲಿ ಗೋಡೆಗಿಂತ ಮೊದಲು ಬರುವುದು ಕಾಗದ. ಆ ಕಾಗದದ ಮೇಲೆ ನಾವು ಹಾಕುವ ಸಹಿ ಇಪ್ಪತ್ತು ವರ್ಷ ನಮ್ಮ ಬೆನ್ನು ಬಿಡುವುದಿಲ್ಲ. ಈ ಮಾತನ್ನು ಓದಿ ತಿಳಿದದ್ದಲ್ಲ, ಅನುಭವಿಸಿ ತಿಳಿದದ್ದು. ಅದನ್ನೇ ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಕೊಲ್ಹಾಪುರದಲ್ಲಿ ನೌಕರಿಯಲ್ಲಿರುವ ನಮ್ಮ ಮಗ ಕಳೆದ ದೀಪಾವಳಿಗೆ ಗಡಹಿಂಗ್ಲಜಕ್ಕೆ ಬಂದಾಗ ಒಂದು ಫ್ಲ್ಯಾಟಿನ ಮಾತು ತೆಗೆದ. ಜಾಗ ಚೆನ್ನಾಗಿದೆ, ಸೊಸೆಗೂ ಹಿಡಿಸಿದೆ. ಆದರೆ ಮಾರುವವರದು ಒಂದು ಕರಾರು: ಎಂಟು ಲಕ್ಷ ನಗದಾಗಿ ಬೇಕು, ಅದು ಖರೀದಿಪತ್ರದಲ್ಲಿ ಬರಕೂಡದು. "ಎಲ್ಲರೂ ಹೀಗೇ ಮಾಡ್ತಾರಪ್ಪಾ, ನೀವೂ ಇಚಲಕರಂಜಿ ಮನೆಗೆ ಹಾಗೇ ಮಾಡಿದ್ರಲ್ಲ?" ಎಂದ. ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಮ್ಮ ಮನೆಯವರು ಒಳಗೆ ಎದ್ದು ಹೋದರು.

ಇಚಲಕರಂಜಿಯ ಮನೆ

2006ರಲ್ಲಿ ನಾವು ಇಚಲಕರಂಜಿಯ ಒಂದು ಸೂತಿನ ಪೇಢಿಯಲ್ಲಿ ಲೆಕ್ಕ ಬರೆಯುತ್ತಿದ್ದೆವು. ಹಗಲೆಲ್ಲ ಲೂಮುಗಳ ಸದ್ದು, ಬಾಡಿಗೆಯ ಎರಡು ಕೋಣೆ. ಸ್ವಂತ ಮನೆಯ ಆಸೆ ಯಾರಿಗಿರುವುದಿಲ್ಲ? ಒಂದು ಮನೆ ಒಂಬತ್ತು ಲಕ್ಷಕ್ಕೆ ಕುದುರಿತು. ಸರ್ಕಾರದ ರೆಡಿ ರೆಕನರ್ ದರದಂತೆ ಅದರ ಬೆಲೆ ಐದೂವರೆ ಲಕ್ಷ. ಪತ್ರದಲ್ಲಿ ಅಷ್ಟೇ ಬರೆಸಿ, ಮೂರೂವರೆ ಲಕ್ಷವನ್ನು ನಗದಾಗಿ ಕೈಯಿಂದ ಕೈಗೆ ಕೊಟ್ಟೆವು. ಬೇರೆಯವರ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪದಂತೆ ಬರೆಯುತ್ತಿದ್ದ ನಾವು ನಮ್ಮ ಮನೆಯ ಲೆಕ್ಕವನ್ನೇ ಸುಳ್ಳು ಬರೆದೆವು. ನಮಗೆ ಉಳಿದ ಮುದ್ರಾಂಕ ಶುಲ್ಕ ಇಪ್ಪತ್ತು ಸಾವಿರವೂ ಆಗಲಿಲ್ಲ.

ಬ್ಯಾಂಕು ಸಾಲ ಕೊಡುವುದು ಪತ್ರದಲ್ಲಿರುವ ಬೆಲೆಯ ಮೇಲೆ. ನಮಗೆ ಸಿಕ್ಕಿದ್ದು ನಾಲ್ಕೂವರೆ ಲಕ್ಷ. ಕೂಡಿಟ್ಟದ್ದು ಎರಡೂವರೆ ಲಕ್ಷ. ಇನ್ನುಳಿದ ಎರಡು ಲಕ್ಷಕ್ಕೆ ಬಳಗದವರಲ್ಲಿ ಕೈಗಡ ತಂದೆವು. ಅದೂ ಸಾಲದೆ ಬಂದಾಗ ಅವ್ವ ತನ್ನ ಕೈಯ ಪಾಟಲಿಗಳನ್ನು ಬಿಚ್ಚಿ ಕೊಟ್ಟಳು. ಪತಸಂಸ್ಥೆಯಲ್ಲಿ ಅಡವಿಟ್ಟು ಅರವತ್ತು ಸಾವಿರ ತಂದೆವು. "ವರ್ಷದಾಗ ಬಿಡಿಸಿ ಕೊಡ್ತೀವಿ ಅವ್ವಾ" ಎಂದೆವು. ಬ್ಯಾಂಕಿನ ಕಂತು, ಕೈಗಡದ ತಗಾದೆ, ಮಕ್ಕಳ ಶಾಲೆ ಎಲ್ಲ ಒಟ್ಟಿಗೆ ಬಂದವು. ಮೂರನೆಯ ವರ್ಷ ಪಾಟಲಿ ಲಿಲಾವಿನಲ್ಲಿ ಹೋದವು. ಸಂಸ್ಥೆಯದು ಏನೂ ತಪ್ಪಿಲ್ಲ. ನೋಟೀಸು ಎರಡು ಸಲ ಬಂದಿತ್ತು. ಅವ್ವ ಕೊನೆಯವರೆಗೂ ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಪೂರ್ತಿ ಬೆಲೆ ಪತ್ರದಲ್ಲಿ ಬರೆಸಿದ್ದರೆ ಆ ಎರಡು ಲಕ್ಷವನ್ನೂ ಬ್ಯಾಂಕೇ ಕೊಡಬಹುದಿತ್ತು.

ಹದಿಮೂರು ವರ್ಷದ ಮೇಲೆ ಬಂದ ಲೆಕ್ಕ

2019ರಲ್ಲಿ ದುಡಿಮೆ ಮುಗಿಸಿ ಗಡಹಿಂಗ್ಲಜದ ಹಿರಿಯರ ಮನೆಗೆ ಮರಳುವುದೆಂದು ನಿರ್ಧರಿಸಿ ಆ ಮನೆಯನ್ನು ಮಾರಿದೆವು. ಕೊಂಡವರು ಹೊಸದಾಗಿ ಸಂಸಾರ ಹೂಡಿದ ಗಂಡ-ಹೆಂಡತಿ. "ಕಾಕಾ, ನಮಗೆ ಬ್ಯಾಂಕಿನ ಸಾಲ ಬೇಕು, ಪೂರ್ತಿ 24 ಲಕ್ಷ ಕಾಗದದಲ್ಲೇ ಬರೀರಿ" ಎಂದರು. ಒಪ್ಪಿದೆವು. ಆಮೇಲೆ ತೆರಿಗೆ ಸಲಹೆಗಾರರು ಲೆಕ್ಕ ಹಾಕಿ ತೋರಿಸಿದಾಗ ನಮ್ಮ ಬಾಯಿ ಒಣಗಿತು.

ಆಗಿನ ನಿಯಮದಂತೆ ಕೊಂಡ ಬೆಲೆಯನ್ನು ಬೆಲೆಯೇರಿಕೆಯ ಸೂಚ್ಯಂಕದಿಂದ ಹೆಚ್ಚಿಸಿ, ಮಾರಿದ ಬೆಲೆಯಿಂದ ಕಳೆದು, ಉಳಿದ ಲಾಭಕ್ಕೆ ಶೇಕಡಾ 20 ತೆರಿಗೆ. 2006-07ರ ಸೂಚ್ಯಂಕ 122, 2019-20ರದು 289. ನಿಜವಾಗಿ ಕೊಟ್ಟ ಒಂಬತ್ತು ಲಕ್ಷ ಪತ್ರದಲ್ಲಿದ್ದರೆ ಅದು 21 ಲಕ್ಷ 32 ಸಾವಿರ ಆಗುತ್ತಿತ್ತು, ಲಾಭ ಬರೀ 2 ಲಕ್ಷ 68 ಸಾವಿರ. ಪತ್ರದಲ್ಲಿದ್ದದ್ದು ಐದೂವರೆ ಲಕ್ಷ. ಅದು 13 ಲಕ್ಷ 3 ಸಾವಿರ ಆಯಿತು, ಲಾಭ ಸುಮಾರು 11 ಲಕ್ಷ. ಬೇರೆ ಮನೆ ಕೊಂಡರೆ ವಿನಾಯಿತಿ ಇದೆ, ಆದರೆ ನಾವು ಕೊಳ್ಳುವವರಿರಲಿಲ್ಲ. ಹೀಗೆ ಮಾಡದ ಲಾಭದ ಮೇಲೆ ಕಟ್ಟಿದ ಹೆಚ್ಚಿನ ತೆರಿಗೆ ಒಂದು ಲಕ್ಷ ಎಪ್ಪತ್ತು ಸಾವಿರ. ಅಂದು ಇಪ್ಪತ್ತು ಸಾವಿರ ಉಳಿಸಿದೆವೆಂದು ಬೀಗಿದವರು ನಾವು. ತೆರಿಗೆ ಉಳಿದದ್ದು ನಮಗೆ ಮಾರಿದವರಿಗೆ, ಅದನ್ನು ತೆತ್ತವರು ನಾವು. ಯಾರ ಮೇಲೆ ಹೊರಿಸೋಣ? ಸಹಿ ನಮ್ಮದು.

ಈಗ ನಿಯಮ ಇನ್ನೂ ಬಿಗಿಯಾಗಿದೆ. 2015ರ ಜೂನ್ 1ರಿಂದ ಮನೆ-ಜಾಗದ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೂ ಹೆಚ್ಚು ನಗದು ಪಡೆದರೆ ಪಡೆದವನಿಗೆ ಅಷ್ಟೇ ಮೊತ್ತದ ದಂಡ. ಸರ್ಕಾರಿ ದರಕ್ಕಿಂತ ತೀರ ಕಡಿಮೆ ಬೆಲೆ ಬರೆಸಿದರೆ ಆ ವ್ಯತ್ಯಾಸವನ್ನು ಕೊಂಡವನ ಆದಾಯವೆಂದೇ ಎಣಿಸುತ್ತಾರೆ. 50 ಲಕ್ಷ ಅಥವಾ ಮೇಲ್ಪಟ್ಟ ಖರೀದಿಯಲ್ಲಿ ಶೇಕಡಾ 1ರಷ್ಟನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವನದೇ. 2024ರ ಜುಲೈ 23ರಿಂದ ಈಚೆಗೆ ಕೊಂಡ ಮನೆಗೆ ಸೂಚ್ಯಂಕದ ಅನುಕೂಲವೂ ಇಲ್ಲ, ಲಾಭಕ್ಕೆ ನೇರವಾಗಿ ಶೇಕಡಾ ಹನ್ನೆರಡೂವರೆ. ಇಂದು ಬಚ್ಚಿಟ್ಟ ಒಂದೊಂದು ಲಕ್ಷವೂ ಮುಂದೆ ಮಾರುವಾಗ ಹನ್ನೆರಡೂವರೆ ಸಾವಿರ ಕೇಳುತ್ತದೆ.

ಕಂತಿನ ಒಳಗುಟ್ಟು

ಸಾಲ ಮಾಡುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಸಾಲವಿಲ್ಲದೆ ನಮ್ಮಂಥ ಸಂಬಳದವರಿಗೆ ಮನೆಯಾಗುವುದು ಕಷ್ಟ. ಆದರೆ ಕಂತು ಎಷ್ಟೆಂದು ಕೇಳಿ ಸುಮ್ಮನಾಗುವವರೇ ಹೆಚ್ಚು. 20 ಲಕ್ಷದ ಸಾಲ, ಶೇಕಡಾ 9ರ ಬಡ್ಡಿ, 20 ವರ್ಷದ ಮುದತ್ತು ಎಂದು ಹಿಡಿಯಿರಿ. ತಿಂಗಳ ಕಂತು ಸುಮಾರು 17,995 ರೂಪಾಯಿ. ಮುದತ್ತು ಮುಗಿಯುವಷ್ಟರಲ್ಲಿ ಕಟ್ಟಿದ ಬಡ್ಡಿಯೇ 23 ಲಕ್ಷ ದಾಟುತ್ತದೆ. ಅದೇ ಸಾಲಕ್ಕೆ 15 ವರ್ಷವಾದರೆ ಕಂತು 20,285, ಬಡ್ಡಿ ಹದಿನಾರೂವರೆ ಲಕ್ಷ. ತಿಂಗಳಿಗೆ 2,300 ರೂಪಾಯಿ ಹೆಚ್ಚು ಕಟ್ಟಿದರೆ ಆರೂವರೆ ಲಕ್ಷಕ್ಕೂ ಮಿಕ್ಕಿ ಉಳಿತಾಯ.

ಇನ್ನೊಂದು ಮಾತು. 20 ವರ್ಷದ ಸಾಲದಲ್ಲಿ ಮೊದಲ ಐದು ವರ್ಷ ಕಟ್ಟಿದ ಮೊತ್ತ 10 ಲಕ್ಷ 80 ಸಾವಿರ, ಅಸಲು ಕರಗುವುದು ಬರೀ 2 ಲಕ್ಷ 26 ಸಾವಿರ. ಆದ್ದರಿಂದ ಬೋನಸ್ಸೋ ಕಬ್ಬಿನ ಬಿಲ್ಲೋ ಬಂದಾಗ ಮೊದಮೊದಲಿನ ವರ್ಷಗಳಲ್ಲೇ ಅಸಲಿಗೆ ತುಂಬುವುದು ಜಾಣತನ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲವೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಹೇಳಿದೆ.

ತೆರಿಗೆ ಉಳಿಯುತ್ತದೆಂದು ಸಾಲ ಮಾಡುವವರೂ ಇದ್ದಾರೆ. ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗಿನ ವಿನಾಯಿತಿ ಹಳೆಯ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಶೇಕಡಾ 20ರ ಹಂತದವರಿಗೆ ಅದರಿಂದ ಉಳಿಯುವುದು 40 ಸಾವಿರ, ಅದಕ್ಕಾಗಿ ಕೈಬಿಡುವುದು 2 ಲಕ್ಷ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಜಾಮೀನಿನ ವಿಷಯದಲ್ಲಿಯೂ ಎಚ್ಚರ ಬೇಕು. ನಮ್ಮ ಕಡೆ ಲೂಮಿನ ಸಾಲವಿರಲಿ, ಮನೆಯ ಸಾಲವಿರಲಿ, "ಒಂದು ಸಹಿ ಅಷ್ಟೇ ಅಣ್ಣಾ" ಎನ್ನುತ್ತಾರೆ. 1872ರ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಆ ಸಾಲವನ್ನು ನಾವೇ ತೀರಿಸಬೇಕಾಗಿ ಬಂದರೆ ತೀರಿಸಬಲ್ಲೆವೇ ಎಂದು ಕೇಳಿಕೊಂಡು, ಮನೆಯವರಿಗೆ ತಿಳಿಸಿ ಸಹಿ ಮಾಡಬೇಕು.

ಕಾಗದ ನೋಡುವ ಕಣ್ಣು

ಗಡಹಿಂಗ್ಲಜದ ಸುತ್ತ ಹೊಲಗಳು ಪ್ಲಾಟುಗಳಾಗುತ್ತಿವೆ. ನಮ್ಮ ಬಳಗದ ಒಂದು ಕುಟುಂಬ ಒಂದೂವರೆ ಗುಂಟೆ ಜಾಗವನ್ನು ಬಾಂಡ್ ಪೇಪರಿನ ಮೇಲೆ ನೋಟರಿ ಮಾಡಿಸಿ ಕೊಂಡಿತ್ತು. ಹತ್ತು ವರ್ಷದ ಮೇಲೆ ಮನೆ ಕಟ್ಟಲು ಹೊರಟಾಗ ಸಾತಬಾರಾ ಉತಾರದಲ್ಲಿ ಇನ್ನೂ ಹಳೆಯ ಮಾಲೀಕರ ನಾಲ್ಕು ಹೆಸರು, 'ಇತರ ಹಕ್ಕು' ಕಾಲಮ್ಮಿನಲ್ಲಿ ಸೊಸೈಟಿಯ ಬೋಜಾ. ನೋಟರಿಯ ಕಾಗದದಿಂದ ಒಡೆತನ ಬರುವುದಿಲ್ಲ, ನೋಂದಾಯಿಸಿದ ಖರೀದಿಪತ್ರವೇ ಬೇಕು. ಇಂಥ ಗುಂಟೆ ಪ್ಲಾಟುಗಳ ಗೋಜಲು ಬಿಡಿಸಲು ಮಹಾರಾಷ್ಟ್ರ ಸರ್ಕಾರ 2001ರಲ್ಲಿ ಗುಂಠೇವಾರಿ ಕಾಯ್ದೆಯನ್ನೇ ತರಬೇಕಾಯಿತು. ಆದ್ದರಿಂದ ಮುಂಗಡ ಕೊಡುವ ಮೊದಲು ಸಾತಬಾರಾ ಅಥವಾ ಪ್ರಾಪರ್ಟಿ ಕಾರ್ಡು, ಬಿನ್‌ಶೇತಿ ಆದೇಶ, ಕಟ್ಟಡದ ಪರವಾನಗಿ, ಘರಪಟ್ಟಿಯ ಪಾವತಿ ಇಷ್ಟನ್ನು ನೋಡಿ, ವಕೀಲರಿಂದ ಮೂವತ್ತು ವರ್ಷದ ಸರ್ಚ್ ಮಾಡಿಸಬೇಕು. ವಕೀಲರ ಫೀ ಉಳಿಸಲು ಹೋಗಿ ಜಾಗ ಕಳೆದುಕೊಳ್ಳಬಾರದು.

ಕೊಲ್ಹಾಪುರದಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಪಂಚಗಂಗೆಯ ಪೂರರೇಖೆ ಎಲ್ಲಿದೆ? ರಾಜಾರಾಮ ಬಂಧಾರೆಯ ಬಳಿ 39 ಅಡಿಗೆ ಎಚ್ಚರಿಕೆ, 43 ಅಡಿಗೆ ಅಪಾಯ. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ನೀರು 55 ಅಡಿ ಮುಟ್ಟಿತ್ತು. ಶಿರೋಳಿಯ ಹತ್ತಿರ ಹೆದ್ದಾರಿಯೇ ಮುಚ್ಚಿತ್ತು. ಬೇಸಿಗೆಯಲ್ಲಿ ಮನೆ ನೋಡಿ ಮೆಚ್ಚಿದವರು ಅಕ್ಕಪಕ್ಕದ ಹಿರಿಯರನ್ನು ಒಂದು ಮಾತು ಕೇಳಬೇಕು, 'ಆ ವರ್ಷ ನೀರು ಎಲ್ಲಿಯತನಕ ಬಂದಿತ್ತು' ಎಂದು. ಹೊಸ ಕಟ್ಟಡವಾದರೆ ಮಹಾರೇರಾ ನೋಂದಣಿ ಸಂಖ್ಯೆ ನೋಡಿಕೊಳ್ಳಬೇಕು. 2016ರ ಆ ಕಾಯ್ದೆಯಂತೆ ಕರಾರುಪತ್ರ ನೋಂದಾಯಿಸುವ ಮೊದಲು ಕಟ್ಟುವವರು ಶೇಕಡಾ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ.

ಸಾಲ ತೀರಿದ ದಿನವೂ ಕೆಲಸ ಮುಗಿಯುವುದಿಲ್ಲ. ಮೂಲ ಕಾಗದಗಳನ್ನು 30 ದಿನದೊಳಗೆ ಮರಳಿಸಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಕೇಳಿ ಪಡೆಯುವುದು, ಬೋಜಾ ಇಳಿಸಿಕೊಳ್ಳುವುದು ನಮ್ಮ ಕೆಲಸ.

ಪಾಠಶಾಲೆಯಲ್ಲಿ ಕಲಿತದ್ದು

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ಅಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅದರಲ್ಲಿ ಒಂದು ವಿರುದ್ಧರಾಜ್ಯಾತಿಕ್ರಮ, ಅಂದರೆ ರಾಜ್ಯದ ಕಟ್ಟಳೆ ಮೀರಿ ವ್ಯವಹರಿಸುವುದು. ತೆರಿಗೆ ತಪ್ಪಿಸುವುದನ್ನೂ ಇದರಲ್ಲೇ ಸೇರಿಸಿ ಹೇಳುವುದು ವಾಡಿಕೆ. ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಎಣಿಸುವಾಗ ಮೊದಲು ಬರುವುದು ಕ್ಷೇತ್ರ-ವಾಸ್ತು, ಅಂದರೆ ಹೊಲ ಮತ್ತು ಮನೆ. ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಖರೀದಿಪತ್ರಕ್ಕೆ ಸಹಿ ಮಾಡುವಾಗ ನೆನಪಾಗಲಿಲ್ಲ.

ದೀಪಾವಳಿಯ ಆ ಸಂಜೆ ಒಳಗೆ ಹೋಗಿದ್ದ ನಮ್ಮ ಮನೆಯವರು ಹೊರಗೆ ಬಂದಾಗ ಅವರ ಕೈಯಲ್ಲಿ ಹಳೆಯ ಚೀಟಿಯೊಂದಿತ್ತು. ಅವ್ವನ ಪಾಟಲಿಯ ಅಡವಿನ ಪಾವತಿ. ಅದನ್ನು ಮಗನ ಮುಂದಿಟ್ಟರು. ಪಾಟಲಿ ಹೇಗೆ ಹೋದವೆಂಬುದು ಅವನಿಗೆ ಗೊತ್ತಿರಲಿಲ್ಲ. ಅಜ್ಜಿ ಬರಿಗೈಯಲ್ಲಿ ಇರುವುದನ್ನು ವ್ರತವೆಂದೇ ತಿಳಿದಿದ್ದನಂತೆ. ಅವನು ಬಹಳ ಹೊತ್ತು ಆ ಚೀಟಿ ನೋಡಿದ.

ಆ ಫ್ಲ್ಯಾಟು ಬಿಟ್ಟರು. ನಾಲ್ಕು ತಿಂಗಳ ನಂತರ ಊರಿನಿಂದ ಸ್ವಲ್ಪ ಹೊರಗೆ, ಒಂದು ಕೋಣೆ ಕಡಿಮೆ ಇರುವ ಮನೆ ಸಿಕ್ಕಿತು. ಪೂರ್ತಿ ಬೆಲೆ ಪತ್ರದಲ್ಲಿದೆ. ಸೊಸೆಯ ಹೆಸರಿಗೆ ಕೊಂಡರು. ಹೆಣ್ಣುಮಕ್ಕಳ ಹೆಸರಿನ ಮನೆಗೆ ಮಹಾರಾಷ್ಟ್ರದಲ್ಲಿ 2021ರಿಂದ ಮುದ್ರಾಂಕ ಶುಲ್ಕ ಶೇಕಡಾ 1ರಷ್ಟು ಕಡಿಮೆ. ಸಾಲ 15 ವರ್ಷದ್ದು. ಮನೆ ಸಣ್ಣದಾಯಿತೆಂದು ಸೊಸೆ ಮೊದಲು ಬೇಸರಪಟ್ಟಳು, ಸುಳ್ಳೇಕೆ ಹೇಳಬೇಕು. ಈಗ ಹೊಂದಿಕೊಂಡಿದ್ದಾಳೆ. ಮೊನ್ನೆ ಹೋದಾಗ ಮಗ ಖರೀದಿಪತ್ರದ ಫೈಲನ್ನು ತಂದು ನಮ್ಮ ಕೈಗೆ ಕೊಟ್ಟ. ಕನ್ನಡಕ ಹಾಕಿಕೊಂಡು ಬೆಲೆ ಬರೆದ ಪುಟವನ್ನು ಎರಡು ಸಲ ಓದಿದೆವು.

ಮನೆ ಕೊಳ್ಳಲಿರುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಸಹಿ ಮಾಡುವ ಮೊದಲಿನ ರಾತ್ರಿ ಆ ಕಾಗದವನ್ನು ಮನೆಮಂದಿಯೆಲ್ಲ ಕೂತು ಒಮ್ಮೆ ಗಟ್ಟಿಯಾಗಿ ಓದಿರಿ. ಮಕ್ಕಳ ಎದುರು ಓದಲು ನಾಚಿಕೆಯಾಗುವ ಸಾಲು ಅದರಲ್ಲಿದ್ದರೆ, ಬೆಳಿಗ್ಗೆ ಕಚೇರಿಗೆ ಹೋಗಬೇಡಿರಿ.