ಬೆಳ್ಳಿ ಉಂಗುರದಲ್ಲಿ ಫಿರೋಜಾ ಮತ್ತು ಹವಳ

ಬೈಲುಕುಪ್ಪೆಯ ಟಿಬೆಟಿಯನ್ ಅಂಗಡಿಗಳಿಗೆ ಹೋದವರು ಈ ಉಂಗುರಗಳನ್ನು ನೋಡಿರುತ್ತೀರಿ. ದಪ್ಪ ಬೆಳ್ಳಿ, ಅಂಚಿನಲ್ಲಿ ಸಾಸಿವೆಯಂಥ ಗುಂಡುಗಳು, ನಡುವೆ ಹಸಿರು ಬೆರೆತ ನೀಲಿ ಕಲ್ಲು, ಪಕ್ಕದಲ್ಲಿ ಕೆಂಪು ಹವಳ. ಸಮುದ್ರವೇ ಇಲ್ಲದ ಹಿಮಾಲಯಕ್ಕೆ ಹವಳ ಹೇಗೆ ಬಂತು ಎಂಬ ಪ್ರಶ್ನೆಯೇ ನನ್ನನ್ನು ಈ ವಿಷಯ ಓದುವಂತೆ ಮಾಡಿತು.

ಉತ್ತರ ವ್ಯಾಪಾರದಲ್ಲಿದೆ. ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದಿಂದ, ಒಳ್ಳೆಯ ಫಿರೋಜಾ ಇರಾನಿನ ನಿಶಾಪುರದಿಂದ ಲಡಾಖ್, ಟಿಬೆಟ್‌ಗಳವರೆಗೆ ಕೈಯಿಂದ ಕೈಗೆ ದಾಟಿ ಬರುತ್ತಿದ್ದವು. ಲ್ಹಾಸಾದಲ್ಲಿ ನೆಲೆಸಿದ್ದ ಕಾಶ್ಮೀರಿ ಮುಸ್ಲಿಂ ವ್ಯಾಪಾರಿಗಳೂ ಹಿಮಾಲಯದ ಈ ವ್ಯಾಪಾರದಲ್ಲಿ ಪಾಲುದಾರರು. ಅವರನ್ನು ಟಿಬೆಟಿಯನ್ನರು ‘ಖಾಚೆ’ ಎಂದು ಕರೆಯುತ್ತಾರೆ. ‘ಫಿರೋಜಾ’ ಪಾರಸಿ ಪದ. ಅದರ ಮೂಲದಲ್ಲಿ ‘ವಿಜಯ’ ಎಂಬ ಅರ್ಥವಿದೆ.

ಕಠ್ಮಂಡು ಕಣಿವೆಯ ಪಾಟನ್ ನಗರದ ನೇವಾರ ಕುಶಲಕರ್ಮಿಗಳು ಲೋಹದ ಕೆಲಸಕ್ಕೆ ಹೆಸರಾದವರು. ಶುದ್ಧ ಬೆಳ್ಳಿ ಮೆದು. ಆದ್ದರಿಂದ ಸಾಮಾನ್ಯವಾಗಿ ಶೇ. 92.5 ಬೆಳ್ಳಿಗೆ ತಾಮ್ರ ಬೆರೆಸುತ್ತಾರೆ. ಬೆಳ್ಳಿಯ ಚೂರುಗಳನ್ನು ಇದ್ದಿಲ ಮೇಲೆ ಕರಗಿಸಿದರೆ ಅವು ತಾವಾಗಿಯೇ ಗುಂಡಗಾಗುತ್ತವೆ. ನಾವು ಭೌತಶಾಸ್ತ್ರದಲ್ಲಿ ಓದುವ ಮೇಲ್ಮೈ ಒತ್ತಡವೇ ಇದಕ್ಕೆ ಕಾರಣ. ಗುಂಡುಗಳನ್ನೂ ಕಲ್ಲು ಕೂರುವ ಪಟ್ಟಿಯನ್ನೂ ಬೆಸುಗೆ ಹಾಕಿದ ಮೇಲೆ, ಕೊನೆಯಲ್ಲಿ ಕಲ್ಲಿಟ್ಟು ಪಟ್ಟಿಯ ಅಂಚನ್ನು ಅದರ ಮೇಲೆ ಒತ್ತುತ್ತಾರೆ. ಮೊದಲೇ ಇಟ್ಟರೆ ಬೆಸುಗೆಯ ಬಿಸಿಗೆ ಕಲ್ಲು ಹಾಳಾಗುತ್ತದೆ.

ಫಿರೋಜಾ ಎಂದರೆ ತಾಮ್ರ ಮತ್ತು ಅಲ್ಯೂಮಿನಿಯಂ ಇರುವ ಫಾಸ್ಫೇಟ್. ನೀಲಿ ಬಣ್ಣ ತಾಮ್ರದ್ದು. ಅದರಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಎಣ್ಣೆ, ಅತ್ತರು ಹೀರಿ ಬಣ್ಣ ಕೆಡಬಹುದು. ಹವಳ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಗುಲಿದರೆ ಕರಗುತ್ತದೆ. ಕಪ್ಪಾದ ಬೆಳ್ಳಿಯನ್ನು ಹುಣಸೆಹಣ್ಣು, ನಿಂಬೆರಸದಲ್ಲಿ ಉಜ್ಜುವುದು ನಮ್ಮ ಮನೆಗಳ ರೂಢಿ. ನಮ್ಮ ಖಾಲಾ ಹಾಗೆ ಉಜ್ಜಿದ ಉಂಗುರದ ಬೆಳ್ಳಿ ಹೊಳೆಯಿತು, ಹವಳ ಮಾತ್ರ ಮಂಕಾಯಿತು. ಆ ಹೊಳಪು ಮತ್ತೆ ಬರಲಿಲ್ಲ. ಇಂಥ ಉಂಗುರವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಉಜ್ಜಿದರೆ ಸಾಕು.

ಕೊಳ್ಳುವಾಗಲೂ ಎಚ್ಚರ ಬೇಕು. ಬಣ್ಣ ಹಾಕಿದ ಹೌಲೈಟ್ ಎಂಬ ಬಿಳಿ ಕಲ್ಲು ಫಿರೋಜಾ ಎಂದೂ, ಗಾಜು ಅಥವಾ ಪ್ಲಾಸ್ಟಿಕ್ ಹವಳ ಎಂದೂ ಮಾರಾಟವಾಗುತ್ತದೆ. ಬಹಳ ಅಗ್ಗವಾಗಿದ್ದರೆ, ಎಲ್ಲ ಕಲ್ಲುಗಳೂ ಅಚ್ಚೊತ್ತಿದಂತೆ ಒಂದೇ ಬಣ್ಣದಲ್ಲಿದ್ದರೆ ಅನುಮಾನಿಸಿ. ಬಿಲ್ಲಿನಲ್ಲಿ ಕಲ್ಲಿನ ಹೆಸರು ಬರೆಸಿಕೊಳ್ಳಿ. ನಕಲಿಯನ್ನು ನಕಲಿ ಎಂದೇ ಹೇಳಿ ಮಾರಿದರೆ ತಪ್ಪೇನಿಲ್ಲ. ಅಸಲಿ ಎಂದು ಮಾರಿದರೆ ಅದು ಮೋಸ.

ಇನ್ನೊಂದು ಮಾತು. ಕೆಂಪು ಹವಳ ವರ್ಷಕ್ಕೆ 1 ಮಿಲಿಮೀಟರ್‌ನಷ್ಟೂ ದಪ್ಪವಾಗುವುದಿಲ್ಲ. ಒಂದು ಉಂಗುರಕ್ಕೆ ಬೇಕಾದ ಹವಳ ಬೆಳೆಯಲು ಹಲವು ದಶಕಗಳು ಬೇಕು. ಆದ್ದರಿಂದ ಮನೆಯಲ್ಲಿ ಅಜ್ಜಿಯ ಕಾಲದ ಹವಳವಿದ್ದರೆ ಹೊಸದನ್ನು ಕೇಳುವ ಮೊದಲು ಅದನ್ನೇ ಜೋಪಾನ ಮಾಡೋಣ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ