ಮೊದಲ ಮೊಬೈಲ್: ಹನೂರು ಸೀಮೆಯ ನಂಬಿಕೆ ಮತ್ತು ನಿಜ

ಮೊಬೈಲ್ ಕೊಳ್ಳಲು ಹಿಂದೇಟು ಹಾಕುವವರು ಕೊಡುವ ಕಾರಣಗಳಲ್ಲಿ ಹಲವು ಒಂದು ಕಾಲಕ್ಕೆ ನಿಜವೇ ಆಗಿದ್ದವು. ದರ, ನಿಯಮ, ಬ್ಯಾಟರಿ ಎಲ್ಲವೂ ಬದಲಾದವು. ಮಾತು ಮಾತ್ರ ಬಾಯಿಂದ ಬಾಯಿಗೆ ಉಳಿದು ಬಂತು. ಹನೂರು ತಾಲ್ಲೂಕಿನಲ್ಲಿ ಇದಕ್ಕೆ ಇನ್ನೆರಡು ಸಂಗತಿ ಸೇರಿಕೊಂಡಿವೆ: ಸುತ್ತ ಮಲೆ ಮಹದೇಶ್ವರ ಬೆಟ್ಟದ ಸಾಲು, ಅದರಾಚೆ ತಮಿಳುನಾಡಿನ ಗಡಿ.

ಬಂದ ಕರೆಗೂ ಕರೆನ್ಸಿ ಕಟ್ಟಾಗುತ್ತದೆ ಎಂಬ ಮಾತು ಇಂಥ ಹಳೆಯ ನಿಜ. 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋಯಿತು. ಆ ದಿನಗಳಲ್ಲಿ ನಿಮಿಷಕ್ಕೆ 16 ರೂಪಾಯಿವರೆಗೂ ದರವಿತ್ತು, ಕರೆ ಎತ್ತಿದವರೂ ಹಣ ತೆರಬೇಕಿತ್ತು. 2003ರ ಮೇ ತಿಂಗಳಲ್ಲಿ ಕರೆ ಮಾಡಿದವರೇ ಹಣ ಕೊಡುವ ಪದ್ಧತಿ ಜಾರಿಯಾಗಿ ಒಳಬರುವ ಕರೆ ಉಚಿತವಾಯಿತು. ಹಾಗೆಂದು ಸಿಮ್ ಹಾಕಿಸಿ ಸುಮ್ಮನಿದ್ದರೆ ಜೀವನಪೂರ್ತಿ ಕರೆ ಬರುತ್ತಿರುತ್ತದೆ ಎಂಬುದೂ ಈಗ ತಪ್ಪು. 2018ರ ಕೊನೆಯಿಂದ ಖಾಸಗಿ ಕಂಪನಿಗಳು ಕನಿಷ್ಠ ರೀಚಾರ್ಜ್ ತಂದಿವೆ. ಅವಧಿ ಮುಗಿದ ಕೆಲವು ದಿನಕ್ಕೆ ಒಳಬರುವ ಕರೆಯೂ ನಿಲ್ಲುತ್ತದೆ. ಮಾತಾಡಲಷ್ಟೇ ಫೋನ್ ಬೇಕೆನ್ನುವವರು ಡೇಟಾಕ್ಕೂ ಸೇರಿಸಿ ದುಡ್ಡು ಕೊಡಬೇಕಿಲ್ಲ. ಕರೆ ಮತ್ತು ಎಸ್‌ಎಂಎಸ್ ಮಾತ್ರವಿರುವ ಪ್ಯಾಕ್ ಇಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ಅಂಗಡಿಯವರು ಅದನ್ನು ತಾವಾಗಿ ಹೇಳುವುದು ಅಪರೂಪ; ಕೇಳಿ ಹಾಕಿಸಿಕೊಳ್ಳಬೇಕು.

ಪಾಲಾರ್, ಗೋಪಿನಾಥಂ ಕಡೆ ಫೋನು ಗಡಿಯಾಚೆಯ ಟವರ್ ಹಿಡಿದು, ತಮಿಳುನಾಡಿಗೆ ಸ್ವಾಗತ ಎಂಬ ಸಂದೇಶ ಬಂದರೆ ಹಣ ಹೋಯಿತೆಂದು ಫೋನನ್ನೇ ಆರಿಸಿಬಿಡುವವರಿದ್ದಾರೆ. ರೋಮಿಂಗ್ ದರ ಇದ್ದ ಕಾಲಕ್ಕೆ ಅದು ಬುದ್ಧಿವಂತಿಕೆಯೇ. 2017ರ ಹೊತ್ತಿಗೆ ಪ್ರಮುಖ ಕಂಪನಿಗಳು ದೇಶದೊಳಗಿನ ರೋಮಿಂಗ್ ಶುಲ್ಕ ಕೈಬಿಟ್ಟವು. ಈಗ ಯಾವ ರಾಜ್ಯದ ಟವರ್ ಸಿಕ್ಕರೂ ಪ್ಯಾಕ್ ಒಂದೇ.

ದುಬಾರಿ ಫೋನಿಗೆ ಟವರ್ ಚೆನ್ನಾಗಿ ಸಿಗುತ್ತದೆ ಎಂಬ ನಂಬಿಕೆಗೆ ಬೆಟ್ಟದ ಊರುಗಳಲ್ಲಿ ಜನ ಹೆಚ್ಚು ಹಣ ಸುರಿಯುತ್ತಾರೆ. ಮೊಬೈಲಿನ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವಂಥವು. ಟವರಿಗೂ ಊರಿಗೂ ನಡುವೆ ಗುಡ್ಡ ಬಂದರೆ ಅದರ ಮರೆಯಲ್ಲಿ ಸಿಗ್ನಲ್ ಬೀಳುವುದಿಲ್ಲ. ಒದ್ದೆ ಎಲೆಯ ಕಾಡು ಉಳಿದದ್ದನ್ನೂ ಹೀರಿಕೊಳ್ಳುತ್ತದೆ. ಒಂದೇ ಕಂಪನಿಯ ಸಿಮ್ ಹಾಕಿದ ಎರಡು ಫೋನುಗಳಲ್ಲಿ ವ್ಯತ್ಯಾಸ ಇದ್ದರೂ ಅಲ್ಪ. ಕೊಳ್ಳುವ ಮೊದಲು ಊರಿನಲ್ಲಿ ಯಾವ ಕಂಪನಿಯ ಸಿಮ್ ಕೆಲಸ ಮಾಡುತ್ತದೆಂದು ವಿಚಾರಿಸುವುದೇ ಮೇಲು. ಇಂಥ ಊರುಗಳಲ್ಲಿ ಟವರ್ ಸಿಗುವ ಬಂಡೆ, ಟವರ್ ಸಿಗುವ ಮರ ಎಂದು ಜಾಗಗಳು ಗೊತ್ತಾಗಿರುತ್ತವೆ. ಅಲ್ಲಿ ನಿಂತವರು ಸ್ಪೀಕರ್ ಹಾಕಿ, ಫೋನನ್ನು ತಲೆಯ ಮೇಲೆತ್ತಿ, ಕದಲದೆ ಮಾತಾಡುವುದು ಕಾಣುತ್ತದೆ. ನೋಡಿದವರಿಗೆ ಮೂಢನಂಬಿಕೆಯಂತೆ ತೋರಿದರೂ ಅದು ಶುದ್ಧ ಭೌತಶಾಸ್ತ್ರ. ಎದುರು ಬೆಟ್ಟಕ್ಕೆ ಬಡಿದು ಬಂದ ಅಲೆಗಳು ಒಂದರ ಮೇಲೊಂದು ಬಿದ್ದು ಕೆಲವೆಡೆ ಕೂಡಿಕೊಳ್ಳುತ್ತವೆ, ಕೆಲವೆಡೆ ಪರಸ್ಪರ ಅಳಿಸಿಕೊಳ್ಳುತ್ತವೆ. 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. ಆದ್ದರಿಂದ ಒಳ್ಳೆಯ ಜಾಗಕ್ಕೂ ಕೆಟ್ಟ ಜಾಗಕ್ಕೂ ಒಂದು ಗೇಣಿನಷ್ಟು ಅಂತರವೂ ಇರಲಿಕ್ಕಿಲ್ಲ.

ಮಹದೇಶ್ವರನ, ಅಂದರೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಫೋನು ದಾರಿಯಲ್ಲಿ ತಾಳಬೆಟ್ಟ ದಾಟುವಷ್ಟರಲ್ಲಿ ಆರಿಹೋದರೆ ಬೈಗುಳ ಬ್ಯಾಟರಿಗೆ ಬೀಳುತ್ತದೆ. ಟವರ್ ಸಿಗದ ಕಡೆ ಫೋನು ಅದನ್ನು ಹುಡುಕುತ್ತಲೇ ಇರುವುದರಿಂದ ಚಾರ್ಜು ಬೇಗ ಇಳಿಯುತ್ತದೆ. ಕಾಡಿನ ದಾರಿಯಲ್ಲಿ ಏರೋಪ್ಲೇನ್ ಮೋಡ್ ಹಾಕಿದರೆ ಸಾಕು. ಹೊಸ ಫೋನನ್ನು ಎಂಟು ಗಂಟೆ ಚಾರ್ಜಿಗಿಟ್ಟೇ ಬಳಸಬೇಕೆಂಬ ನಿಯಮ ನಿಕಲ್ ಬ್ಯಾಟರಿಗಳ ಕಾಲದ್ದು. ಇಂದಿನ ಲಿಥಿಯಂ ಬ್ಯಾಟರಿಗೆ ಅದು ಬೇಕಿಲ್ಲ.

ಇವೆಲ್ಲಕ್ಕಿಂತ ಅಪಾಯಕಾರಿ ನಂಬಿಕೆ ಇನ್ನೊಂದಿದೆ: ಎಲ್ಲೂ ಟವರ್ ಇಲ್ಲದಿದ್ದರೂ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗುತ್ತದೆ, ಅದು ಉಪಗ್ರಹದ ಮೂಲಕ ಸಾಗುತ್ತದೆ ಎಂಬುದು. ತುರ್ತು ಕರೆಗೆ ಸಿಗುವ ವಿನಾಯಿತಿ ಇಷ್ಟೇ: ತನ್ನ ಕಂಪನಿಯ ಟವರ್ ಇಲ್ಲದಾಗ ಫೋನು ಬೇರೆ ಕಂಪನಿಯ ಟವರ್ ಹಿಡಿಯಬಲ್ಲದು. ಯಾರ ಟವರೂ ಇಲ್ಲದ ಕಣಿವೆಯಲ್ಲಿ ಸಾಧಾರಣ ಫೋನಿನಿಂದ 112 ಕೂಡ ಹೋಗದು. ಈ ಸೀಮೆಯಲ್ಲಿ ಅಂಥ ಕಣಿವೆಗಳಿರಲು ಕಾಡೂ ಕಾರಣ: 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಧಾಮದ ವಿಸ್ತೀರ್ಣ 906 ಚದರ ಕಿಲೋಮೀಟರ್. ಕಾಡಿನ ನೆಲದಲ್ಲಿ ಟವರ್ ಎತ್ತಲು ಅರಣ್ಯ ಅನುಮತಿ ಬೇಕು.

ಟವರ್ ಊರ ಹತ್ತಿರ ಬಂದರೆ ಕ್ಯಾನ್ಸರ್ ಬರುತ್ತದೆ ಎಂಬ ಭಯ ವಿದ್ಯಾವಂತರಲ್ಲೂ ಇದೆ. ಮೊಬೈಲ್ ಅಲೆಗಳಿಗೆ ಎಕ್ಸ್‌ರೇಯಂತೆ ಜೀವಕೋಶದ ಅಣುಗಳನ್ನು ಒಡೆಯುವ ಶಕ್ತಿಯಿಲ್ಲ. 2011ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇವನ್ನು ‘ಸಾಧ್ಯತೆ ಇರಬಹುದಾದ’ 2ಬಿ ಗುಂಪಿಗೆ ಸೇರಿಸಿದ್ದು ನಿಜ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ಪರಾಮರ್ಶೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಂಡುಬರಲಿಲ್ಲ. ಭಾರತವು 2012ರ ಸೆಪ್ಟೆಂಬರ್‌ನಿಂದ ಟವರುಗಳ ವಿಕಿರಣ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದೆ. ವಿಚಿತ್ರವೆಂದರೆ, ಟವರ್ ದೂರವಿದ್ದಷ್ಟೂ ಕಿವಿಗೆ ಒತ್ತಿಕೊಂಡ ಫೋನು ಹೆಚ್ಚು ಬಲದಿಂದ ಅಲೆ ಹೊರಡಿಸಬೇಕಾಗುತ್ತದೆ. ಟವರನ್ನು ಊರಿನಿಂದ ಓಡಿಸಿದರೆ ತಲೆಯ ಪಕ್ಕದ ವಿಕಿರಣ ಹೆಚ್ಚುತ್ತದೆ. 5ಜಿಯಿಂದ ಕೊರೊನಾ ಬಂತೆಂಬ ವದಂತಿಗೆ ಉತ್ತರ ಕ್ಯಾಲೆಂಡರಿನಲ್ಲೇ ಇದೆ: ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು.

ದನ ಮೇಯಿಸುವವರ ಜೇಬಿನ ಫೋನು ಸಿಡಿಲನ್ನು ಸೆಳೆಯುತ್ತದೆ ಎಂಬುದೂ ತಪ್ಪು. ಬಯಲಲ್ಲಿ ಅಥವಾ ಒಂಟಿ ಮರದಡಿ ನಿಲ್ಲುವುದೇ ಅಪಾಯ. ಮಳೆಗುಡುಗಿನ ವೇಳೆ ಚಾರ್ಜರಿಗೆ ಸಿಕ್ಕಿಸಿದ ಫೋನನ್ನು ಹಿಡಿಯಬಾರದು.

ಬಟನ್ ಫೋನ್ ಯಾವುದಾದರೂ ಒಂದೇ ಎಂದು ಕೊಂಡವರು ಸಿಮ್ ಹಾಕುವಾಗ ಪೇಚಿಗೆ ಸಿಲುಕುತ್ತಾರೆ. 2016ರಲ್ಲಿ ಬಂದ ಜಿಯೋಗೆ 2ಜಿ, 3ಜಿ ಜಾಲವೇ ಇಲ್ಲ, ಹಾಗಾಗಿ 4ಜಿ ಇಲ್ಲದ ಬಟನ್ ಫೋನಿನಲ್ಲಿ ಅದರ ಸಿಮ್ ನಡೆಯದು. ಬಟನ್ ಫೋನಿನಲ್ಲಿ ಹಣ ಕಳಿಸಲಾಗದು ಎಂಬುದು ಮಾತ್ರ ತಪ್ಪು: *99# ಒತ್ತಿ ಕಳಿಸುವ ವ್ಯವಸ್ಥೆ ಇದೆ, 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಆರಂಭಿಸಿದ ಯುಪಿಐ 123ಪೇ ಇದೆ. ಬ್ಯಾಂಕ್ ಖಾತೆಗೆ ನಂಬರ್ ಜೋಡಿಸಿದ ಮಾತ್ರಕ್ಕೆ ಹಣ ತಾನಾಗಿ ಹೋಗುವುದಿಲ್ಲ. ವಂಚನೆಗಳು ಬಹುಪಾಲು ನಡೆಯುವುದು ಮಾಲೀಕರೇ ಪಿನ್ ಅಥವಾ ಒಟಿಪಿ ಕೊಟ್ಟಾಗ. ಹಣ ಪಡೆಯಲು ಪಿನ್ ಒತ್ತಿ ಎನ್ನುವವನು ಕಳ್ಳ. ಪಿನ್ ಬೇಕಾಗುವುದು ಹಣ ಕೊಡುವಾಗ, ಪಡೆಯುವಾಗ ಅಲ್ಲ. ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕಳೆದ ಫೋನು ಹೋದಂತೆಯೇ ಎಂಬುದೂ ಈಗ ಪೂರ್ತಿ ನಿಜವಲ್ಲ. *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ ಸಂಖ್ಯೆ ಬರೆದಿಟ್ಟುಕೊಂಡಿದ್ದರೆ, ಪೊಲೀಸ್ ದೂರಿನೊಂದಿಗೆ 2023ರ ಮೇ ತಿಂಗಳಲ್ಲಿ ಬಂದ ಸಂಚಾರ್ ಸಾಥಿ ತಾಣದಲ್ಲಿ ಆ ಫೋನನ್ನು ದೇಶದ ಯಾವ ಸಿಮ್ಮಿಗೂ ಒಗ್ಗದಂತೆ ಮುಚ್ಚಿಸಬಹುದು. ಒಬ್ಬರ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನೂ ಅಲ್ಲೇ ನೋಡಬಹುದು.